ಆಚೆ ದಡ ಬಿಡಿ

ಹೊಳೆಬೀದಿಯ ಲಾಂಡ್ರಿಗೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಸಾಮಾನ್ಯವಾಗಿ ಮೂವತ್ತು ಗಂಟು ಬಟ್ಟೆ ಬರುತ್ತವೆ. ಆ ಬುಧವಾರ ನಾಲ್ಕು ಬಂದವು. ಹನ್ನೊಂದು ಮನೆಯವರು ಬಂದದ್ದು ಬಟ್ಟೆ ಕೊಡಲಿಕ್ಕಲ್ಲ, ಕೊಟ್ಟದ್ದನ್ನು ವಾಪಸು ಪಡೆಯಲಿಕ್ಕೆ. ಇಸ್ತ್ರಿ ಆಗಿಲ್ಲ ಎಂದರೆ ಪರವಾಗಿಲ್ಲ ಎಂದರು. ಇನ್ನೂ ಒದ್ದೆ ಇದೆ ಎಂದರೆ ಒದ್ದೆಯೇ ಕೊಡಿ ಎಂದರು. ಶಾಲೆಯ ಡ್ರಾಯಿಂಗ್ ಟೀಚರ್ ನೀರು ತೊಟ್ಟಿಕ್ಕುವ ನಾಲ್ಕು ಪರದೆಗಳನ್ನು ಎದೆಗೆ ಅವುಚಿಕೊಂಡು ಹೋದರು. ಅವರು ಹೋದ ದಾರಿಯುದ್ದಕ್ಕೂ ನೀರಿನ ಗೆರೆ ಬಿತ್ತು.

ಲಾಂಡ್ರಿಯ ಒಡತಿಗೆ ಐವತ್ತೆರಡು ವರ್ಷ. ಬೀದಿ ಅವರನ್ನು ಗಂಜಿಯಕ್ಕ ಎಂದು ಕರೆಯುತ್ತದೆ. ಅವರ ಕೈಯಲ್ಲಿ ಗಂಜಿ ಕಂಡ ಕಾಲರು ಮೂರು ದಿನ ಬಗ್ಗುವುದಿಲ್ಲ. ಅಂಗಿ ತೊಟ್ಟವನು ಯಾರ ಮುಂದಾದರೂ ಬಗ್ಗಿದರೆ ಕಾಲರು ಅವನ ಮಾನ ಕಾಯುತ್ತದೆ ಎಂಬುದು ಅಲ್ಲಿನ ಹಳೆಯ ತಮಾಷೆ. ಗಂಡ ಹಿಂದಿನ ಕೋಣೆಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಾರೆ. ಮೂವತ್ತು ವರ್ಷ ಉಗಿಯ ಸದ್ದಿನಲ್ಲಿ ಕಳೆದ ಮನುಷ್ಯ, ಆದ್ದರಿಂದ ಮಾತು ಕಡಿಮೆ, ಆಡಿದರೆ ಜೋರು. ಮೇಲಿನ ಮಹಡಿಯಲ್ಲಿ ಮನೆ. ಮನೆಯಲ್ಲಿ ಇವರಿಬ್ಬರು ಮತ್ತು ಎಂಬತ್ತು ದಾಟಿದ ಅತ್ತೆ.

ಎರಡು ವರ್ಷದ ಹಿಂದೆ ಗಂಜಿಯಕ್ಕ ಪುರಸಭೆಯ ಚುನಾವಣೆಗೆ ನಿಂತದ್ದು ಚರಂಡಿಯ ಕಾರಣಕ್ಕೆ. ಬೀದಿಯ ಚರಂಡಿ ಕಟ್ಟಿಕೊಂಡು ಲಾಂಡ್ರಿಯ ನೀರು ಲಾಂಡ್ರಿಗೇ ವಾಪಸು ಬರುತ್ತಿತ್ತು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ತಾವೇ ನಿಂತರು. ಎದುರಾಳಿ ಮೂಲೆಯ ಔಷಧಿ ಅಂಗಡಿಯವರು, ಓದಿದವರು, ಎಲ್ಲರ ರಕ್ತದೊತ್ತಡವೂ ಬಾಯಿಪಾಠ ಇದ್ದವರು. ಗಂಜಿಯಕ್ಕ ನಲವತ್ತೊಂದು ಓಟಿನಿಂದ ಗೆದ್ದರು. ಚರಂಡಿ ಸರಿಯಾಯಿತು. ಆಮೇಲೆ ಯುದ್ಧ ಬಂತು.

ಆಗ ಪುರಸಭೆಯ ಮುಂದೆ ಬಂದ ಪ್ರಶ್ನೆ ಚರಂಡಿಯಷ್ಟು ಸರಳವಾಗಿರಲಿಲ್ಲ. ಸೈನ್ಯ ನಾಲ್ಕು ತಿಂಗಳಿಂದ ಹೊಳೆಯ ಆಚೆ ದಡದಲ್ಲಿ ಕಂದಕ ತೋಡಿಕೊಂಡು ಕೂತಿತ್ತು. ಈಗ ದಳಪತಿಯ ಯೋಜನೆ ಬೇರೆ. ಆಚೆ ದಡದಿಂದ ಎಲ್ಲರನ್ನೂ ಈಚೆ ಕರೆತಂದು, ಸೇತುವೆ ಒಡೆದು, ಈಚೆಯ ಏರಿಯ ಮೇಲೆ ನಿಲ್ಲುವುದು. ಅದಕ್ಕಾಗಿ ಏರಿಗೆ ಅಂಟಿಕೊಂಡ ಹೊಳೆಬೀದಿಯ ನೂರ ಎಂಬತ್ತು ಮನೆ ಖಾಲಿಯಾಗಬೇಕು. ಈ ಯೋಜನೆ ಊರಿನಲ್ಲಿ ಹೆಚ್ಚಿನವರಿಗೆ ಬೇಡವಾಗಿತ್ತು. ಆಚೆ ದಡದಲ್ಲಿ ಅರ್ಧ ಊರಿನ ನೆಂಟರಿದ್ದರು. ಮಕ್ಕಳನ್ನು ಕಂದಕಕ್ಕೆ ಕಳಿಸಿದ್ದ ಮನೆಗಳಿಗೆ ಹಿಂದೆ ಸರಿಯುವುದು ಎಂಬ ಮಾತೇ ಕಿವಿಗೆ ಕಾದ ಸೀಸದಂತಿತ್ತು.

ಸರ್ಕಾರಕ್ಕೂ ಆ ಮಾತನ್ನು ತನ್ನ ಬಾಯಿಂದ ಆಡುವ ಧೈರ್ಯವಿರಲಿಲ್ಲ. ಚುನಾವಣೆಗೆ ಏಳು ತಿಂಗಳಿತ್ತು. ಮಂತ್ರಿಗಳು ರೇಡಿಯೊದಲ್ಲಿ ಪರಿಸ್ಥಿತಿ ಪರಿಶೀಲನೆಯಲ್ಲಿದೆ ಎಂದಷ್ಟೇ ಹೇಳುತ್ತಿದ್ದರು. ಹೊಳೆಯ ಗುಂಟ ಇರುವ ಏಳು ಪುರಸಭೆಗಳಿಗೆ ಮಾತ್ರ ಪತ್ರ ಬಂದಿತ್ತು: ಊರಿನವರ ಸಮ್ಮತಿಯ ಠರಾವು ಮುಂದಿನ ಸೋಮವಾರ ಮಧ್ಯಾಹ್ನದೊಳಗೆ ತಲುಪಬೇಕು, ತಲುಪದಿದ್ದಲ್ಲಿ ಆ ಭಾಗದ ಯೋಜನೆಯನ್ನು ಮುಂದೂಡಲಾಗುತ್ತದೆ. ಅಂದರೆ ಹಿಂದೆ ಸರಿಯಿರಿ ಎಂದವರು ಊರಿನವರೇ ಎಂದಾಗಬೇಕು. ಆರು ಪುರಸಭೆಗಳು ವಿಷಯವನ್ನು ಮುಂದೂಡಿ ಕೈತೊಳೆದುಕೊಂಡಿದ್ದವು. ಏಳನೆಯದು ಇವರದು. ಸೇತುವೆ ಇರುವುದೂ ಇಲ್ಲೇ.

ಆ ಗಡುವಿಗೆ ಒಂದು ವಾರ ಮುಂಚೆ, ಈ ಸೋಮವಾರ ನಡೆದ ಸಭೆಯಲ್ಲಿ ಒಂಬತ್ತು ಸದಸ್ಯರು. ನಾಲ್ವರು ಪರ, ನಾಲ್ವರು ವಿರುದ್ಧ. ಅಧ್ಯಕ್ಷರು ಗಂಜಿಯಕ್ಕನ ಕಡೆ ತಿರುಗಿ, ಆಚೆ ದಡದ ಇತಿಹಾಸ, ಅಲ್ಲಿನ ಹಿರಿಯರ ತ್ಯಾಗ, ಆ ಮಣ್ಣಿನ ಋಣ ಎಂದು ಹತ್ತು ನಿಮಿಷ ಮಾತಾಡಿದರು. ಅವರ ಮಾತು ಮುಗಿಯುವ ಲಕ್ಷಣ ಕಾಣದೆ ಗಂಜಿಯಕ್ಕ ಹೇಳಿದ್ದು ಇಷ್ಟು:

"ಆಚೆ ದಡ ಬಿಡಿ. ಹುಡುಗರು ಮೊದಲು ಈಚೆ ಬರಲಿ. ನನ್ನ ಒಪ್ಪಿಗೆ ಇದೆ, ಬರ್ಕೊಳ್ಳಿ."

ಗಂಜಿಯಕ್ಕನನ್ನು ಬಲ್ಲವರಿಗೆ ಅವರ ಬಾಯಲ್ಲಿನ 'ಬಿಡಿ' ಎಂಥದು ಎಂದು ಗೊತ್ತು. ಬಿಸಿಲಿಗೂ ಬಿಡಿ, ಮಳೆಗೂ ಬಿಡಿ, ಪಕ್ಕದ ಮನೆ ಕಥೆಗೂ ಬಿಡಿ. ಅದೊಂದು ಉಸಿರು ತೆಗೆದುಕೊಳ್ಳುವ ಜಾಗ. ಆದರೆ ಗುಮಾಸ್ತರ ನಡಾವಳಿ ಪುಸ್ತಕದಲ್ಲಿ ಅದು ಹೀಗೆ ಇಳಿಯಿತು: "ಆಚೆ ದಡವನ್ನು ಬಿಟ್ಟುಕೊಡತಕ್ಕದ್ದೆಂದು ಹೊಳೆಬೀದಿಯ ಸದಸ್ಯೆ ಅಭಿಪ್ರಾಯಪಟ್ಟು ಸಮ್ಮತಿಸಿದರು." ಐದಕ್ಕೆ ನಾಲ್ಕರಿಂದ ಠರಾವು ಪಾಸಾಯಿತು. ಮಂಗಳವಾರದ ಪತ್ರಿಕೆಯ ಮೊದಲ ಪುಟದಲ್ಲಿ, ಹಳೆಯ ಚುನಾವಣೆಯ ಫೋಟೊದ ಕೆಳಗೆ, ಮೂರೇ ಪದ ದಪ್ಪ ಅಕ್ಷರದಲ್ಲಿ ಬಂದವು: ಆಚೆ ದಡ ಬಿಡಿ.

ಮೊದಲ ಪೆಟ್ಟು ಮನೆಯಲ್ಲೇ ಬಿತ್ತು. ಅತ್ತೆ ಹುಟ್ಟಿದ್ದು ಆಚೆ ದಡದಲ್ಲಿ.

"ಅರವತ್ತೆರಡು ವರ್ಷ ಆಯ್ತು ನಾನು ಆ ಸೇತುವೆ ದಾಟಿ ಈ ಮನೆಗೆ ಬಂದು," ಎಂದರು ಅತ್ತೆ, ಸೊಸೆಗಲ್ಲ, ಎದುರಿಗಿದ್ದ ಗೋಡೆಗೆ. "ಇವಳು ಎರಡೇ ಅಕ್ಷರದಲ್ಲಿ ನನ್ನ ತವರು ಮುಗಿಸಿಬಿಟ್ಟಳು."

"ಅತ್ತೆ, ನಾನು ಆ ಅರ್ಥದಲ್ಲಿ ಹೇಳಿಲ್ಲ. ಮಾತಿಗೆ ಬಂತು."

"ನಿನ್ನ ಮಾತಿಗೆ ಬೇರೆ ಏನು ಬರುತ್ತೆ? ಅದು ಬಿಡಿ, ಇದು ಬಿಡಿ. ನನ್ನ ಮಗನ್ನ ಇನ್ನೂ ಬಿಟ್ಟಿಲ್ಲವಲ್ಲ, ಅದೇ ದೊಡ್ಡದು."

ಮಗ ಇನ್ನೊಂದು ಸೌಟು ಸಾರು ಬಡಿಸಿಕೊಂಡರು.

ಬುಧವಾರ ಲಾಂಡ್ರಿಯ ಶಟರಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು: ಅಂಗಡಿ ಬಿಡಿ. ಕೆಳಗೆ: ಊರು ಬಿಡಿ. ಗಂಡ ಒದ್ದೆ ಬಟ್ಟೆ ತಂದು ಒರೆಸುವ ಮುಂಚೆ ಸ್ವಲ್ಪ ಹೊತ್ತು ನಿಂತು ನೋಡಿ, "ಅಕ್ಷರ ದುಂಡಗಿದೆ. ಓದಿದವರೇ," ಎಂದರು. ಗುರುವಾರ ಅದನ್ನೇ ಪೇಂಟಿನಲ್ಲಿ ಬರೆದಿದ್ದರು. ಅದು ಒರೆಸಿದರೆ ಹೋಗಲಿಲ್ಲ. ಗಂಡ ಶಟರನ್ನು ಪೂರ್ತಿ ಮೇಲಕ್ಕೆ ಸುತ್ತಿಟ್ಟರು. ಅಂಗಡಿ ತೆರೆದಿದ್ದರೆ ಬರಹ ಕಾಣುವುದಿಲ್ಲ ಎಂಬುದು ಅವರ ಲೆಕ್ಕ.

ಅದೇ ಗುರುವಾರ ಔಷಧಿ ಅಂಗಡಿಯ ಕೌಂಟರಿನ ಮೇಲೆ ಒಂದು ರಟ್ಟಿನ ಪುಸ್ತಕ ಕಾಣಿಸಿಕೊಂಡಿತು. ವಾರ್ಡಿನ ಮೂರರಲ್ಲಿ ಒಂದು ಪಾಲು ಮತದಾರರು ಸಹಿ ಹಾಕಿದರೆ ಸದಸ್ಯರನ್ನು ತೆಗೆಯುವ ಸಭೆ ಕರೆಯಬಹುದು. ಕಾಗದದ ಮೇಲೆ ಮಾತ್ರ ಇದ್ದ ಈ ನಿಯಮ ಅದುವರೆಗೆ ಯಾರ ಮೇಲೂ ಬಳಕೆಯಾಗಿರಲಿಲ್ಲ. ಸಂಜೆ ಆರಕ್ಕೆ ಸಹಿಗಳು ಸಾಕಾದವು. ಸಭೆ ಭಾನುವಾರ ನಾಲ್ಕು ಗಂಟೆಗೆ, ಶಾಲೆಯ ಹಾಲಿನಲ್ಲಿ, ಎಂದು ನೋಟೀಸು ಬಂತು. ಆ ದಿನ ಗಂಜಿಯಕ್ಕ ಒಂದು ಅಂಗಿಯ ಬೆನ್ನಿಗೆ ಇಸ್ತ್ರಿಪೆಟ್ಟಿಗೆ ಇಟ್ಟು ಮರೆತರು. ಕಂದು ಬಣ್ಣದ ಗುರುತು ಎದ್ದಿತು. ಅವರು ಇಸ್ತ್ರಿ ಹಿಡಿದ ಹತ್ತೊಂಬತ್ತು ವರ್ಷದಲ್ಲಿ ಸುಟ್ಟ ಮೊದಲ ಅಂಗಿ ಅದು ಎಂದು ಗಂಡ ಹೇಳುತ್ತಾರೆ.

ಗಂಜಿಯಕ್ಕನ ಕಳವಳಕ್ಕೆ ಕಾರಣ ಕುರ್ಚಿ ಹೋಗುತ್ತದೆ ಎಂಬುದಷ್ಟೇ ಅಲ್ಲ. ತಾವು ಒಪ್ಪಿದ್ದು ಯಾಕೆ ಎಂದು ಯಾರಿಗೂ ಹೇಳುವಂತಿರಲಿಲ್ಲ.

ಪ್ರತಿ ಮಂಗಳವಾರ ಆಚೆ ದಡದಿಂದ ಒಂದು ಲಾರಿ ಲಾಂಡ್ರಿಯ ಹಿಂಬಾಗಿಲಿಗೆ ಬರುತ್ತದೆ. ಅದರಲ್ಲಿ ಸೈನಿಕರ ಬಟ್ಟೆಯ ಚೀಲಗಳು. ಆ ಕೆಲಸ ಒಪ್ಪಿಕೊಂಡ ದಿನ ಅವರು ಒಂದು ಕಾಗದಕ್ಕೆ ಸಹಿ ಹಾಕಿದ್ದಾರೆ: ಚೀಲದಲ್ಲಿ ಏನು ಬಂತು, ಎಷ್ಟು ಬಂತು, ಯಾವ ಸ್ಥಿತಿಯಲ್ಲಿ ಬಂತು ಎಂಬುದು ಹೊರಗೆ ಹೋಗಬಾರದು. ಹೋದರೆ ಅದು ಸೈನ್ಯದ ಗುಟ್ಟು ಬಿಟ್ಟುಕೊಟ್ಟಂತೆ, ಜೈಲು. ಬಟ್ಟೆ ಬರುತ್ತದೆ ಎಂಬುದು ಬೀದಿಗೆ ಗೊತ್ತು. ಬಟ್ಟೆ ಏನು ಹೇಳುತ್ತದೆ ಎಂಬುದು ಗಂಜಿಯಕ್ಕನಿಗೆ ಮಾತ್ರ ಗೊತ್ತು.

ಕೆಸರು ಒಗೆದರೆ ಹೋಗುತ್ತದೆ. ಬಟ್ಟೆಯ ಮೇಲೆ ಒಂದೇ ಎತ್ತರದಲ್ಲಿ ದಿನಗಟ್ಟಲೆ ನೀರು ನಿಂತರೆ ಒಂದು ಗೆರೆ ಬೀಳುತ್ತದೆ, ಅದು ಸುಲಭಕ್ಕೆ ಹೋಗುವುದಿಲ್ಲ. ಮೊದಲ ತಿಂಗಳು ಆ ಗೆರೆ ಪ್ಯಾಂಟುಗಳ ಪಾದದ ಹತ್ತಿರ ಇತ್ತು. ಎರಡನೆಯ ತಿಂಗಳು ಮೊಣಕಾಲಿಗೆ ಏರಿತು. ಈಗ ಮೂರು ವಾರದಿಂದ ತೊಡೆ ದಾಟಿ ಜೇಬಿನ ಬಾಯಿಗೆ ಬಂದಿತ್ತು. ಹೊಳೆ ಕಂದಕಗಳ ಒಳಗೆ ಏರುತ್ತಿತ್ತು. ಇನ್ನು ಹದಿನೈದು ದಿನದಲ್ಲಿ ಹುಡುಗರು ಕಾದಾಡುವುದು ಹಾಗಿರಲಿ, ನಿಲ್ಲುವುದೇ ಆಗುವುದಿಲ್ಲ ಎಂದು ಲೆಕ್ಕ ಹಾಕಲು ದಳಪತಿಯೇ ಆಗಬೇಕಿರಲಿಲ್ಲ. ಬಟ್ಟೆ ಒಗೆಯುವವರಾದರೆ ಸಾಕಿತ್ತು.

ಶುಕ್ರವಾರ ಮಧ್ಯಾಹ್ನ ಪುರಸಭೆಯ ಗುಮಾಸ್ತರು ಲಾಂಡ್ರಿಗೆ ಬಂದರು. ನಿವೃತ್ತಿಗೆ ಒಂದು ವರ್ಷ ಬಾಕಿ ಇರುವ, ಜೇಬಿನಲ್ಲಿ ಮೂರು ಪೆನ್ನು ಇಡುವ ಮನುಷ್ಯ. ಕಂಕುಳಲ್ಲಿ ನಡಾವಳಿ ಪುಸ್ತಕ. ಇಸ್ತ್ರಿ ಮೇಜಿನ ಒಂದು ತುದಿಯನ್ನು ಕೈಯಿಂದ ಒರೆಸಿ, ಪುಸ್ತಕ ಬಿಚ್ಚಿದರು.

"ಇಪ್ಪತ್ತೆರಡು ವರ್ಷದಿಂದ ಬರೀತಿದ್ದೀನಕ್ಕ. ನನ್ನ ಬರಹದ ಮೇಲೆ ಯಾರೂ ಬೆರಳಿಟ್ಟಿಲ್ಲ. ಈ ಸಲ ನನ್ನಿಂದಲೇ ತಪ್ಪಾಯ್ತು."

"ಏನು ತಪ್ಪು?"

"ಅಲ್ಪವಿರಾಮ." ಅವರು ಪೆನ್ಸಿಲಿನಿಂದ ತೋರಿಸಿದರು. "ನೀವು ಅಂದಿದ್ದು 'ಆಚೆ ದಡ, ಬಿಡಿ'. ಅಂದರೆ ಆಚೆ ದಡದ ಮಾತು ಈಗ ಬೇಡ, ಪಕ್ಕಕ್ಕಿಡಿ ಅಂತ. ನಿಮ್ಮ ಮಾತಿನ ವರಸೆ ನನಗೆ ಗೊತ್ತಿಲ್ವಾ? ನಾನು ಅಲ್ಪವಿರಾಮ ನುಂಗಿಬಿಟ್ಟೆ. ಬಿಟ್ಟುಕೊಡತಕ್ಕದ್ದು ಅಂತ ಬರೆದುಬಿಟ್ಟೆ."

ಅವರು ಒಂದು ಬೇರೆ ಹಾಳೆ ತೆಗೆದರು. ತಿದ್ದುಪಡಿ ಟೈಪಾಗಿತ್ತು. ಸದಸ್ಯೆಯ ಮಾತನ್ನು ತಪ್ಪಾಗಿ ಗ್ರಹಿಸಿ ಬರೆಯಲಾಗಿದೆ, ಅವರು ಆಚೆ ದಡದ ವಿಷಯವನ್ನು ಸದ್ಯಕ್ಕೆ ಬದಿಗಿಡಲು ಕೋರಿದ್ದರೇ ಹೊರತು ಬಿಟ್ಟುಕೊಡಲು ಹೇಳಿರಲಿಲ್ಲ. ಕೆಳಗೆ ಸಹಿಗೆ ಜಾಗ.

"ಇದಕ್ಕೊಂದು ಸಹಿ ಹಾಕಿ. ಭಾನುವಾರ ಸಭೆಯಲ್ಲಿ ನಾನೇ ಎದ್ದುನಿಂತು ಓದ್ತೀನಿ. ತಪ್ಪು ನನ್ನ ತಲೆಗೆ. ಒಂದು ವರ್ಷದಲ್ಲಿ ಮನೆಗೆ ಹೋಗೋನು, ನನ್ನನ್ನ ಯಾರು ಏನು ಮಾಡ್ತಾರೆ? ಔಷಧಿಯವರ ಪುಸ್ತಕ ಅಲ್ಲಿಗೆ ಮುಚ್ಚಿತು."

ಗಂಜಿಯಕ್ಕ ಹಾಳೆಯನ್ನು ಎರಡು ಸಲ ಓದಿದರು. ಅದರಲ್ಲಿ ಸುಳ್ಳು ಇರಲಿಲ್ಲ. ಸೋಮವಾರ ಅವರ ಬಾಯಿಂದ ಆ ಪದ ಹೊರಟಾಗ ಅವರ ಮನಸ್ಸಿನಲ್ಲಿ ಇದ್ದದ್ದು ಅಧ್ಯಕ್ಷರ ಭಾಷಣ ನಿಂತರೆ ಸಾಕು ಎಂಬುದೇ. ಅವರು ಗುಮಾಸ್ತರ ಜೇಬಿನಿಂದ ಒಂದು ಪೆನ್ನು ತಾವೇ ತೆಗೆದುಕೊಂಡರು.

ಉಗಿಯ ಕೋಣೆಯ ಬಾಗಿಲಲ್ಲಿ ನಿಂತಿದ್ದ ಗಂಡ ಕೇಳಿದರು, "ಹಾಗಾದ್ರೆ ಒಪ್ಪಿಗೆ ಕಥೆ ಏನಾಗುತ್ತೆ ಗುಮಾಸ್ತರೇ?"

ಗುಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಅದೇ... ಅಭಿಪ್ರಾಯ ತಿದ್ದಿದರೆ ಆ ಓಟು ನಿಲ್ಲಲ್ಲ. ನಾಲ್ಕು ನಾಲ್ಕು ಆಗುತ್ತೆ. ವಿಷಯ ಮುಂದಿನ ಸಭೆಗೆ ಹೋಗುತ್ತೆ."

"ಮುಂದಿನ ಸಭೆ ಯಾವಾಗ?"

"ಹದಿನೈದು ದಿನ ಬಿಟ್ಟು."

ಗಂಜಿಯಕ್ಕ ಪೆನ್ನನ್ನು ಮೇಜಿನ ಮೇಲಿಟ್ಟರು. ಗಂಡನನ್ನು ನೋಡಲಿಲ್ಲ. "ಹಾಳೆ ಭಾನುವಾರ ತನ್ನಿ," ಎಂದರು. "ಅಲ್ಲಿಯವರೆಗೆ ಯೋಚನೆ ಮಾಡ್ತೀನಿ."

"ಯೋಚನೆ ಮಾಡೋದೇನಿದೆಯಕ್ಕ? ಒಂದು ಅಲ್ಪವಿರಾಮ."

"ಅದೇ ಯೋಚನೆ."

ಗುಮಾಸ್ತರು ಪೆನ್ನನ್ನು ಜೇಬಿಗೆ ಸೇರಿಸಿ, ಹೋಗುವಾಗ ತಮ್ಮ ಎರಡು ಅಂಗಿಗಳನ್ನು ಕೊಟ್ಟುಹೋದರು. ಬುಧವಾರದ ಆ ನಾಲ್ಕು ಗಂಟಿನ ನಂತರ ಹೊಸದಾಗಿ ಬಟ್ಟೆ ಕೊಟ್ಟವರು ಅವರೊಬ್ಬರೇ.

ಶನಿವಾರ ಬೇಕರಿಯವಳು ಹಿಂಬಾಗಿಲಿಗೆ ಬಂದಳು. ಲಾಂಡ್ರಿಯಿಂದ ಮೂರನೆಯ ಬಾಗಿಲು ಬೇಕರಿ. ಅವಳ ಒಬ್ಬನೇ ಮಗ ಆಚೆ ದಡದ ಕಂದಕದಲ್ಲಿದ್ದಾನೆ. ಗಂಜಿಯಕ್ಕ ಸಹಿ ಹಾಕಿದ ಕಾಗದವನ್ನು ಮೀರಿದ್ದು ಒಂದೇ ವಿಷಯದಲ್ಲಿ, ಮತ್ತು ಅದು ಇವಳಿಗಾಗಿ. ಲಾಂಡ್ರಿಯಲ್ಲಿ ಪ್ರತಿ ಮನೆಯ ಬಟ್ಟೆಗೂ ಒಂದು ದಾರದ ಗುರುತು ಇರುತ್ತದೆ. ಬೇಕರಿ ಮನೆಯದು ಸೊಂಟದ ಪಟ್ಟಿಯ ಒಳಗೆ ಎರಡು ನೀಲಿ ಹೊಲಿಗೆ. ಹುಡುಗ ಸೇನೆಗೆ ಹೋದ ಮೊದಲ ವಾರ, ನೂರಾರು ಪ್ಯಾಂಟುಗಳ ನಡುವೆ ಅವನ ನಂಬರು ಕಂಡಾಗ, ಗಂಜಿಯಕ್ಕನ ಕೈ ತಾನಾಗಿ ಸೂಜಿಗೆ ಹೋಗಿತ್ತು. ಅಂದಿನಿಂದ ಪ್ರತಿ ಮಂಗಳವಾರ ಸಂಜೆ ಅವರು ಬ್ರೆಡ್ಡು ಕೊಳ್ಳಲು ಹೋಗಿ "ಬಂತು" ಎಂದಷ್ಟೇ ಹೇಳಿ ಬರುತ್ತಿದ್ದರು. ಬಟ್ಟೆ ಬಂದರೆ ಬಟ್ಟೆ ಬಿಚ್ಚಿ ಕೊಟ್ಟವನು ಇದ್ದಾನೆ ಎಂದರ್ಥ. ಈ ಮಂಗಳವಾರ ಮಾತ್ರ ಅವರು ಹೋಗುವಷ್ಟರಲ್ಲಿ ಬೇಕರಿಯ ಬಾಗಿಲು ಹಾಕಿತ್ತು.

"ಈ ವಾರ?" ಎಂದಳು ಬೇಕರಿಯವಳು. ಒಳಗೆ ಬರಲಿಲ್ಲ.

"ಬಂತು."

ಅವಳು ಬಾಗಿಲ ಚೌಕಟ್ಟಿಗೆ ಒರಗಿದಳು. "ಸಹಿ ಹಾಕಿದೀನಿ ಅಕ್ಕ. ಔಷಧಿಯವರ ಪುಸ್ತಕಕ್ಕೆ. ನಿನಗೆ ಗೊತ್ತಿರಲಿ ಅಂತ ಹೇಳ್ತಿದೀನಿ."

"ಗೊತ್ತು. ನೀನು ಹಾಕಿರ್ತೀಯ ಅಂತ."

"ಮತ್ತೆ ಯಾಕೆ ಅಂತ ಕೇಳಲ್ವಾ?"

"ಹೇಳು."

"ನಾಲ್ಕು ತಿಂಗಳು. ಅವನು ಅಲ್ಲಿ ಕೂತು ಕಾದಿದ್ದು ಯಾತಕ್ಕೆ? ಬಿಟ್ಟು ಬರೋಕಾ? ಅವನ ಜೊತೆ ಹೋದ ಮೂರು ಜನ ವಾಪಸು ಬರಲ್ಲ. ಅವರ ಅಮ್ಮಂದಿರು ನನ್ನ ಅಂಗಡಿಗೇ ಬರ್ತಾರೆ, ಬ್ರೆಡ್ಡಿಗೆ. ಅವರ ಮುಖ ನೋಡಿ ನಾನೇನು ಹೇಳಲಿ? ನಿಮ್ಮ ಮಕ್ಕಳು ಹೋದ ಜಾಗ ಬಿಟ್ಟುಬಿಟ್ವಿ, ನನ್ನ ಮಗ ಬಂದ ಅಂತಲಾ?"

ಗಂಜಿಯಕ್ಕ ಒಳಗೆ ಹೋಗಿ ಎರಡು ನೀಲಿ ಹೊಲಿಗೆಯ ಪ್ಯಾಂಟನ್ನು ತಂದು ಬಾಗಿಲ ಬಳಿಯ ಮೇಜಿನ ಮೇಲೆ ಉದ್ದಕ್ಕೆ ಹಾಸಿದರು. ಜೇಬಿನ ಬಾಯಿಯ ಮೇಲೆ ಗೆರೆ ಇತ್ತು. ಬೇಕರಿಯವಳು ಮೊದಲು ಅದನ್ನು ಕೊಳೆ ಎಂದುಕೊಂಡು ಬೆರಳಿನಿಂದ ಉಜ್ಜಿದಳು. ಆಮೇಲೆ ಪ್ಯಾಂಟನ್ನು ಎತ್ತಿ ತನ್ನ ಸೊಂಟಕ್ಕೆ ಹಿಡಿದು ನೋಡಿಕೊಂಡಳು. ಅವಳ ಮಗ ಅವಳಿಗಿಂತ ಒಂದು ಗೇಣು ಎತ್ತರ.

"ಇದು ನೀರಾ?"

ಗಂಜಿಯಕ್ಕ ಪ್ಯಾಂಟನ್ನು ಅವಳ ಕೈಯಿಂದ ತೆಗೆದು ಮಡಚಿದರು. "ನಾನೇನೂ ಹೇಳಿಲ್ಲ. ನೀನೇನೂ ನೋಡಿಲ್ಲ."

ಬೇಕರಿಯವಳು ಬಂದ ದಾರಿಯಲ್ಲೇ ಹೋದಳು. ಅವಳು ಯಾರ ಹತ್ತಿರವಾದರೂ ಬಾಯಿಬಿಟ್ಟರೆ ನಾಳೆ ಹೋಗುವುದು ಕುರ್ಚಿಯೊಂದೇ ಅಲ್ಲ ಎಂದು ಗಂಡ ಹೇಳಿದರು. ಅದನ್ನು ಅವರು ಮೆಲ್ಲಗೆ ಹೇಳಿದರು. ಅವರ ಮೆಲುದನಿ ಕೇಳಿ ಗಂಜಿಯಕ್ಕನಿಗೆ ಹೆಚ್ಚು ಭಯವಾಯಿತು.

ಭಾನುವಾರ ನಾಲ್ಕಕ್ಕೆ ಶಾಲೆಯ ಹಾಲಿನಲ್ಲಿ ಇನ್ನೂರ ಹನ್ನೆರಡು ಜನ. ಕೂರಲು ಇದ್ದದ್ದು ಮಕ್ಕಳ ಬೆಂಚುಗಳು. ಊರಿನ ದೊಡ್ಡವರೆಲ್ಲ ಮೊಣಕಾಲನ್ನು ಗಲ್ಲದ ಹತ್ತಿರ ತಂದುಕೊಂಡು ಕೂತಿದ್ದರು. ಗಂಡ ಅತ್ತೆಯನ್ನು ಕೈಹಿಡಿದು ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ಗುಮಾಸ್ತರು ಕಿಟಕಿಯ ಬಳಿ ಹಾಳೆ ಹಿಡಿದು ನಿಂತಿದ್ದರು. ಗಂಜಿಯಕ್ಕ ಒಳಗೆ ಬಂದಾಗ ಹಾಳೆಯನ್ನು ಸ್ವಲ್ಪ ಮೇಲೆತ್ತಿ ತೋರಿಸಿದರು. ಅದಕ್ಕೆ ಗಂಜಿಯಕ್ಕ ಇನ್ನೂ ಸಹಿ ಹಾಕಿರಲಿಲ್ಲ.

ಔಷಧಿ ಅಂಗಡಿಯವರು ಕೆಟ್ಟದಾಗಿ ಮಾತಾಡಲಿಲ್ಲ. "ಅಕ್ಕನ ಮೇಲೆ ನನಗೆ ದ್ವೇಷ ಇಲ್ಲ," ಎಂದು ಶುರುಮಾಡಿದರು. "ಅವರು ಹಾಕಿದ ಗಂಜಿಯ ಅಂಗಿಯನ್ನೇ ತೊಟ್ಟು ನಿಂತಿದ್ದೀನಿ, ನೋಡಿ. ಕತ್ತು ತಿರುಗಿಸೋಕೆ ಆಗ್ತಿಲ್ಲ." ಒಂದಿಬ್ಬರು ನಕ್ಕರು. "ನಾವು ಅವರನ್ನು ಕಳಿಸಿದ್ದು ನಮ್ಮ ಬೀದಿ ಉಳಿಸೋಕೆ. ಅವರು ನಮ್ಮ ಬೀದಿ, ಆಚೆ ದಡ, ಎರಡನ್ನೂ ಒಂದೇ ಮಾತಲ್ಲಿ ಕೊಟ್ಟುಬಂದಿದ್ದಾರೆ. ಯಾಕೆ ಅಂತ ಒಂದು ಕಾರಣ ಹೇಳಲಿ. ಒಪ್ಪುವಂಥ ಒಂದೇ ಕಾರಣ. ನಾನೇ ಈ ಪುಸ್ತಕ ಹರಿದುಹಾಕ್ತೀನಿ."

ಗುಮಾಸ್ತರು ಕಿಟಕಿ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, "ಒಂದು ನಿಮಿಷ, ಇದರಲ್ಲಿ ನನ್ನದೊಂದು ಬರಹದ ತಪ್ಪು..." ಎಂದರು.

"ಗುಮಾಸ್ತರೇ, ತಪ್ಪಿಲ್ಲ," ಎಂದರು ಗಂಜಿಯಕ್ಕ. ಅವರು ಬೆಂಚಿನಿಂದ ಎದ್ದಿದ್ದರು. "ನೀವು ಬರೆದಿದ್ದೇ ಸರಿ."

ಗುಮಾಸ್ತರು ಹಾಳೆಯನ್ನು ಕೆಳಗಿಳಿಸಿದರು.

"ಅವತ್ತು ನಾನು ಆ ಮಾತು ಮಾತಿಗೆ ಆಡಿದೆ," ಎಂದರು ಗಂಜಿಯಕ್ಕ. "ನನ್ನ ಬಾಯಲ್ಲಿ ದಿನಕ್ಕೆ ನೂರು ಸಲ ಬರುತ್ತೆ, ನಿಮಗೆಲ್ಲ ಗೊತ್ತು. ಅದನ್ನೇ ಹೇಳಿ ಇವತ್ತು ತಪ್ಪಿಸ್ಕೋಬಹುದು. ಆದರೆ ಈಗ ನನ್ನನ್ನ ಕೇಳಿದರೆ ಗುಮಾಸ್ತರು ಬರೆದ ಅರ್ಥದಲ್ಲೇ ಹೇಳ್ತೀನಿ. ಬಿಟ್ಟುಕೊಡಬೇಕು. ಹೊಳೆ ಇನ್ನೂ ಏರೋ ಮುಂಚೆ ಬಿಡಬೇಕು. ಕಾರಣ ಕೇಳಬೇಡಿ, ಹೇಳೋಕೆ ಆಗಲ್ಲ."

ಹಾಲಿನಲ್ಲಿ ಗದ್ದಲ ಎದ್ದಿತು. ಹೇಳೋಕೆ ಆಗಲ್ಲ ಅಂದ್ರೇನು ಎಂದು ಹಿಂದಿನಿಂದ ಒಬ್ಬರು. ಯಾರು ಏನು ಕೊಟ್ಟಿದ್ದಾರೆ ಎಂದು ಇನ್ನೊಬ್ಬರು. ಅವಳ ಮನೆಯವರು ಯಾರಾದರೂ ಕಂದಕದಲ್ಲಿದ್ದಾರಾ, ಕೇಳ್ರೀ, ಎಂದು ಮತ್ತೊಬ್ಬರು. ಬೇಕರಿಯವಳು ಎದ್ದಳು. ಅವಳು ಎದ್ದದ್ದಕ್ಕೆ ಗದ್ದಲ ತಗ್ಗಿತು, ಏಕೆಂದರೆ ಮಗನನ್ನು ಕಳಿಸಿದವಳು.

"ಅಕ್ಕ, ನಿನಗೆ ಗೊತ್ತಾಗಿದ್ದು ಹೇಗೆ ಅಂದ್ರೆ..." ಎಂದಳು. ಗಂಜಿಯಕ್ಕ ಎರಡೂ ಕೈಯಿಂದ ಮುಂದಿನ ಬೆಂಚನ್ನು ಹಿಡಿದುಕೊಂಡರು. ಬೇಕರಿಯವಳು ಒಮ್ಮೆ ಅವರನ್ನು, ಒಮ್ಮೆ ಔಷಧಿಯವರನ್ನು ನೋಡಿ, "ಏನಿಲ್ಲ," ಎಂದು ಕೂತಳು.

ಕೈ ಎತ್ತಿಸಿ ಎಣಿಸಿದರು. ತೆಗೆಯಬೇಕು ಎಂದವರು ನೂರ ಮೂವತ್ತೊಂದು. ಬೇಡ ಎಂದವರು ಐವತ್ತೆಂಟು. ಉಳಿದವರ ಕೈ ಎರಡಕ್ಕೂ ಏಳಲಿಲ್ಲ. ಬೇಕರಿಯವಳ ಕೈ ನೂರ ಮೂವತ್ತೊಂದರಲ್ಲಿತ್ತು. ಅತ್ತೆಯದೂ ಅದರಲ್ಲೇ, ಎಲ್ಲರಿಗಿಂತ ಎತ್ತರದಲ್ಲಿ. ಎಣಿಸುವವರು ದಾಟಿಹೋದ ಮೇಲೂ ಅವರು ಕೈ ಇಳಿಸಲಿಲ್ಲ. ಮಗ ಇಳಿಸಿದರು. ಆಮೇಲೆ ಮಕ್ಕಳ ಬೆಂಚಿನಿಂದ ಏಳಲು ಆಗದೆ ಅತ್ತೆ, "ಏ, ಇಲ್ಲಿ ಬಾ, ಹಿಡ್ಕೋ," ಎಂದು ಸೊಸೆಯನ್ನೇ ಕರೆದರು. ಸೊಸೆ ಹೋಗಿ ಎಬ್ಬಿಸಿದರು.

ಗುಮಾಸ್ತರು ಸಹಿ ಇಲ್ಲದ ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡರು. ಕುರ್ಚಿ ಹೋದರೂ ಓಟು ಹೋಗುವುದಿಲ್ಲ, ಸೋಮವಾರದ ಠರಾವು ಹಾಗೇ ನಿಲ್ಲುತ್ತದೆ ಎಂದು ಅವರು ಔಷಧಿಯವರಿಗೆ ವಿವರಿಸುತ್ತಿದ್ದರು. ಔಷಧಿಯವರು ಅದನ್ನು ಎರಡು ಸಲ ಕೇಳಿಸಿಕೊಂಡರು. ಹಾಗಾದರೆ ಮನೆ ಖಾಲಿ ಮಾಡುವುದು ತಪ್ಪುವುದಿಲ್ಲವೇ ಎಂದರು. ತಪ್ಪುವುದಿಲ್ಲ ಎಂದರು ಗುಮಾಸ್ತರು. ಅದು ಮೆಲ್ಲಗೆ ಹಾಲಿನಲ್ಲೆಲ್ಲ ಹರಡಿತು. ಬಾಗಿಲ ತನಕ ಹೋದವರು ನಿಂತರು.

ಮನೆ ಖಾಲಿ ಮಾಡುವ ಬಗ್ಗೆ ಪುರಸಭೆಯ ಸದಸ್ಯರಿಗೆ ಕೊಟ್ಟಿದ್ದ ಸೈನ್ಯದ ಆದೇಶ ಏಳು ಪುಟದ್ದು. ಅದನ್ನು ಬೀದಿಯಲ್ಲಿ ಓದಿದವರು ಗಂಜಿಯಕ್ಕ ಒಬ್ಬರೇ. ಮೊದಲು ಡ್ರಾಯಿಂಗ್ ಟೀಚರ್ ಹತ್ತಿರ ಬಂದು, ಎತ್ತಲೋ ನೋಡುತ್ತಾ, ಒಂದು ಮನೆಗೆ ಎಷ್ಟು ಸಾಮಾನು ಬಿಡುತ್ತಾರಂತೆ ಎಂದು ಕೇಳಿದರು. ತಲೆಗೆ ಎರಡು ಗಂಟು ಎಂದರು ಗಂಜಿಯಕ್ಕ. ಹೊಲಿಗೆ ಯಂತ್ರ ಗಂಟಿಗೆ ಸೇರುತ್ತದಾ ಎಂದು ಒಬ್ಬರು. ಹಾಸಿಗೆ ಹಿಡಿದ ದೊಡ್ಡಪ್ಪ ಇದ್ದಾರೆ, ಅವರನ್ನು ಬಸ್ಸಿನಲ್ಲೇ ಕೂರಿಸಬೇಕಾ ಎಂದು ಇನ್ನೊಬ್ಬರು. ಇಲ್ಲ, ಅಂಥವರಿಗೆ ಬೇರೆ ಗಾಡಿ, ಹೆಸರು ಮೊದಲೇ ಬರೆಸಬೇಕು. ಬೆಕ್ಕು? ಬೆಕ್ಕಿನ ವಿಷಯ ಬರೆದಿಲ್ಲ. ಔಷಧಿಯವರೂ ಬಂದರು. ಅವರ ಅಂಗಡಿಯಲ್ಲಿ ತಣ್ಣಗೆ ಇಡಬೇಕಾದ ಇಂಜೆಕ್ಷನ್ನುಗಳಿದ್ದವು. ಅವನ್ನು ಏನು ಮಾಡಬೇಕೆಂದು ಐದನೇ ಪುಟದಲ್ಲಿದೆ ಎಂದು ಗಂಜಿಯಕ್ಕ ಚೀಲದಿಂದ ಕಾಗದ ತೆಗೆದರು.

"ಒಂದೊಂದಾಗಿ ಕೇಳಿದರೆ ಆಗಲ್ಲ," ಎಂದರು ಗಂಡ, ತಮ್ಮ ಬಾಯ್ಲರ್ ದನಿಯಲ್ಲಿ. "ಮೊದಲಿಂದ ಓದಿಬಿಡು."

ಜನ ಮತ್ತೆ ಬೆಂಚುಗಳ ಮೇಲೆ ಕೂತರು. ಗಂಜಿಯಕ್ಕ ನಿಂತು ಓದಿದರು. ಯಾವ ಮನೆ ಯಾವ ಬಸ್ಸು, ನೀರು ಎಲ್ಲಿ, ಬೀಗದ ಕೈ ಯಾರಿಗೆ ಕೊಡಬೇಕು. ಹಿಂದಿನವರು ಜೋರಾಗಿ ಎಂದರು. ಅವರು ಜೋರಾಗಿ ಓದಿದರು. ಆರನೆಯ ಪುಟದಲ್ಲಿ ಪಡೆಗಳು ಸೇತುವೆ ದಾಟುವ ವಿಷಯ ಬಂತು. ಅಲ್ಲಿ ಅವರ ದನಿ ನಿಂತಿತು.

"ಮುಂದೆ?" ಎಂದಳು ಬೇಕರಿಯವಳು. "ಹುಡುಗರು ಯಾವ ದಿನ ದಾಟ್ತಾರಂತೆ?"

ಗಂಜಿಯಕ್ಕ ಹಾಳೆಯನ್ನು ಬೆಳಕಿಗೆ ಹಿಡಿದರು. ದಿನಾಂಕ ಎಂದು ಅಚ್ಚಾಗಿತ್ತು. ಅದರ ಮುಂದೆ ಸಾಲಿನ ಕೊನೆಯವರೆಗೂ ಚುಕ್ಕೆಗಳಿದ್ದವು. ಕೈಬರಹದಲ್ಲಿ ಯಾರೂ ಏನೂ ತುಂಬಿರಲಿಲ್ಲ. ಅವರು ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿದರು.

"ಬರೆದಿಲ್ಲ," ಎಂದರು. ಆಮೇಲೆ ಏಳನೆಯ ಪುಟ ಓದಿದರು.